ಮೌನೇಶ ಕಂಡ ಗಾಳಿ

ಮೌನೇಶನ ಓದು ಏಳನೇ ಕ್ಲಾಸಿಗೆ ನಿಂತಿತು. ನಾನು ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟವನು. ಗಾಳಿಯ ವಿಷಯದಲ್ಲಿ ನಮ್ಮಿಬ್ಬರಲ್ಲಿ ದಡ್ಡ ಯಾರೆಂದು ಹೊಸಕೆರೆಹಳ್ಳಿಯಲ್ಲಿ ಯಾರನ್ನೇ ಕೇಳಿ, ಇವತ್ತಿಗೂ ತಪ್ಪು ಉತ್ತರವನ್ನೇ ಕೊಡುತ್ತಾರೆ.

ಅವನು ವೆಲ್ಡರ್. ಹೊಸಕೆರೆಹಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಅವನ ಅಪ್ಪ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುತ್ತಿದ್ದನಂತೆ. ಗಾಡಿಗಳು ಹೋದವು, ಗದ್ದೆಗಳಲ್ಲಿ ಬಾಡಿಗೆ ಮನೆಗಳು ಎದ್ದವು, ಮಗ ಗೇಟು, ಗ್ರಿಲ್ಲು, ತಾರಸಿಯ ಶೀಟಿಗೆ ಇಳಿದ. ಅಳತೆಯನ್ನು ಸೀಮೆಸುಣ್ಣದಲ್ಲಿ ಪ್ಯಾಂಟಿನ ತೊಡೆಯ ಮೇಲೆಯೇ ಬರೆದುಕೊಳ್ಳುತ್ತಿದ್ದ. ಮಾತು ಕಡಿಮೆ, ಹಟ ಜಾಸ್ತಿ. ನನಗೆ ಅವನನ್ನು ಕಂಡರೆ ಒಳಗೊಳಗೇ ಸಿಟ್ಟು. ನಮಸ್ಕಾರ ಹೇಳುತ್ತಿದ್ದನೇ ಹೊರತು ನನ್ನ ಮಾತಿಗೆ ತಲೆದೂಗುತ್ತಿರಲಿಲ್ಲ.

ಶೀಟು ಹಾಕುವ ಮೊದಲು ಅವನದೊಂದು ಪದ್ಧತಿ. ಕಂಬಿಗಳು ನಿಂತ ಮೇಲೆ ಒಂದೇ ಒಂದು ಶೀಟು ಬಿಗಿದು, ಹೆಂಡತಿ ಇಂದ್ರಾಣಿಯ ಹಳೇ ಸ್ವೆಟರ್ ಬಿಚ್ಚಿದ ಉಣ್ಣೆ ದಾರದ ತುಂಡುಗಳನ್ನು ಅದರ ಮೇಲೆ ಸಾಲಾಗಿ ಅಂಟಿಸಿ, ಮಧ್ಯಾಹ್ನವೆಲ್ಲ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ. ಮನೆ ಮಾಲೀಕರು ಅವನನ್ನು ಸೋಮಾರಿ ಎನ್ನುತ್ತಿದ್ದರು.

ನಮ್ಮ ಮಾಲೀಕ ಚಿಕ್ಕಬೈರಪ್ಪನ ತಾರಸಿಯಲ್ಲೂ ಹಾಗೇ ಕೂತ. ನಾನು ಅದೇ ಕಟ್ಟಡದ ಎರಡನೇ ಮಹಡಿಯ ಬಾಡಿಗೆದಾರ. ಬಟ್ಟೆ ತೆಗೆಯಲು ಹೋದವನು ನೋಡಿದೆ. ನಡುವಿನ ದಾರಗಳು ಶೀಟಿಗೆ ಅಂಟಿಕೊಂಡು ಒಂದೇ ಕಡೆಗೆ ಮಲಗಿದ್ದವು. ರಸ್ತೆ ಕಡೆಯ ಅಂಚಿನವು ಮಾತ್ರ ಎದ್ದು, ಹಿಂದುಮುಂದಾಗಿ ತಿರುಗಿ, ಒಂದೇ ಸಮನೆ ಒದ್ದಾಡುತ್ತಿದ್ದವು. ಗೋಡೆ ಹತ್ತಿ ಬಂದ ಗಾಳಿಗೆ ಅಂಚಿನಲ್ಲಿ ಥಟ್ಟನೆ ಬಾಗಲು ಆಗುವುದಿಲ್ಲ. ಅದು ಶೀಟನ್ನು ಬಿಟ್ಟು ಹಾರುತ್ತದೆ. ಬಿಟ್ಟ ಜಾಗದಲ್ಲಿ ಸುಳಿಗಳು ಏಳುತ್ತವೆ, ಒತ್ತಡ ಕುಸಿಯುತ್ತದೆ, ಶೀಟು ಮೇಲಕ್ಕೆ ಎಳೆಸಿಕೊಳ್ಳುತ್ತದೆ, ಮರುಕ್ಷಣ ಬೀಳುತ್ತದೆ. ಇದನ್ನು ನಾನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೆನೋ. ಅವತ್ತು ಹೊಳೆಯಲಿಲ್ಲ. ದಾರ ನೋಡಿ ನಗು ಬಂತು.

ಚಿಕ್ಕಬೈರಪ್ಪನ ಹೆಂಡತಿ ಸೊಣ್ಣಮ್ಮನಿಗೆ ಶೀಟು ಮೋಟುಗೋಡೆಯಿಂದಾಚೆ ಮೂರಡಿ ಚಾಚಬೇಕಿತ್ತು, ಎರಚಲು ಹೊಡೆಯಬಾರದು ಅಂತ. ಹಾಗೆ ಚಾಚಿದರೆ ಅಂಚಿಗೆ ಇನ್ನೊಂದು ಸಾಲು ಕಂಬಿ, ಎರಡರಷ್ಟು ಬೋಲ್ಟು ಬೇಕೇ ಬೇಕು, ಇನ್ನೂ ನಾಲ್ಕು ದಿನದ ಕೆಲಸ ಎಂದ ಮೌನೇಶ. ಆದರೆ ಸೊಣ್ಣಮ್ಮನ ಮಗಳು ಚೈತ್ರಳ ಸೀಮಂತದ ಊಟ ಎರಡೇ ದಿನದಲ್ಲಿ ಅಲ್ಲೇ ಆಗಬೇಕಿತ್ತು. ಎಲ್ಲರೂ ಮಾಡುವ ಹಾಗೆ ಅಂಚಿನ ಮೇಲೆ ಎರಡು ಹಳೇ ರುಬ್ಬುವ ಕಲ್ಲು ಇಟ್ಟರಾಯಿತು ಎಂದ ಚಿಕ್ಕಬೈರಪ್ಪ. ಮೌನೇಶ ಒಪ್ಪಲಿಲ್ಲ, ಮಾತಿಗೆ ಮಾತು ಬೆಳೆಯಿತು. ಆಗ ಚಿಕ್ಕಬೈರಪ್ಪ ನನ್ನ ಕಡೆ ತಿರುಗಿ, ಓದಿದವರು ನೀವೇ ಹೇಳಿ ಅಂದ.

ಹೇಳಿದೆ. ಅದೂ ಕಾಗದ ಪೆನ್ನು ತರಿಸಿ. ಗಾಳಿಯ ವೇಗ ಇಷ್ಟು, ಶೀಟಿನ ಅಗಲ ಇಷ್ಟು ಎಂದು ಗುಣಿಸಿ, ಇಡೀ ಶೀಟಿಗೆ ಸಮನಾಗಿ ಹಂಚಿ, ಕಲ್ಲಿನ ತೂಕ ಧಾರಾಳವಾಗಿ ಸಾಕು ಅಂದೆ. ಕಣ್ಣೆದುರಿಗಿದ್ದ ಅಂಚನ್ನು ಲೆಕ್ಕದಿಂದಲೇ ಬಿಟ್ಟಿದ್ದೆ.

“ಮಧ್ಯದಲ್ಲಿ ಸರಿ ಮೇಷ್ಟ್ರೇ. ಅಂಚಲ್ಲಿ ಹಂಗಿರಲ್ಲ,” ಎಂದ ಮೌನೇಶ. ಆಮೇಲೆ ನನ್ನ ಕಾಗದವನ್ನೇ ನೋಡುತ್ತ ನಿಂತ. ಇಂಥ ಕಾಗದದ ಮುಂದೆ ಹಟ ಹಿಡಿಯುವುದು ಅವನಿಗೆ ಗೊತ್ತಿರಲಿಲ್ಲ. ಕಲ್ಲು ಹತ್ತಿಸಿದ.

ಮೇ ತಿಂಗಳಲ್ಲಿ ಒಂದು ದಿನ ನಾಲ್ಕು ಗಂಟೆಗೆ ಮಳೆಗೆ ಮುಂಚಿನ ಗಾಳಿ ಎದ್ದಿತು. ಅಂಚು ದಡಬಡ ಬಡಿದುಕೊಳ್ಳುವುದು ನನ್ನ ಕೋಣೆಗೆ ಕೇಳಿಸುತ್ತಿತ್ತು. ಆಮೇಲೆ ದೊಡ್ಡದೊಂದು ಸದ್ದು, ಅದರ ಹಿಂದೆಯೇ ಕೆಳಗಿನಿಂದ ಕೂಗು. ಶೀಟು ಎದ್ದು ಮಡಚಿಕೊಂಡಿತ್ತು, ಒಂದು ಕಲ್ಲು ರಸ್ತೆಗೆ ಉರುಳಿತ್ತು. ಗೇಟಿನ ಪಕ್ಕ ಸೊಪ್ಪು ಮಾರುವ ಮಾರಮ್ಮ ಬುಟ್ಟಿಗೆ ಪ್ಲಾಸ್ಟಿಕ್ ಹೊದಿಸುತ್ತಿದ್ದಳು. ಅಲ್ಲೇ ಪ್ರಾಣ ಹೋಯಿತು. ಎಂಟು ವರ್ಷದಿಂದ ದಿನವೂ ನನಗೆ ಕೊತ್ತಂಬರಿ ಆರಿಸಿ ಕೊಡುತ್ತಿದ್ದವಳು.

ಠಾಣೆಗೆ ಚಿಕ್ಕಬೈರಪ್ಪ ನನ್ನನ್ನೂ ಕರೆದುಕೊಂಡು ಹೋದ. ವೆಲ್ಡರ್ ಬೋಲ್ಟು ಕಡಿಮೆ ಹಾಕಿದ್ದಾನೆ ಎಂದು ಬರೆಸಿದ. ಕಲ್ಲು ಸಾಕು ಅಂತ ತೀರ್ಮಾನ ಮಾಡಿದ್ದು ಯಾರು ಎಂದು ಇನ್ಸ್‌ಪೆಕ್ಟರ್ ಆಗಲೇ ಹಿಡಿದು ತಂದಿದ್ದ ಮೌನೇಶನನ್ನು ಕೇಳಿದರು. ಅವನು ನನ್ನ ಕಡೆ ನೋಡಿದ, ತುಂಬ ಹೊತ್ತು. ನಾನು ಮುಖ ಗೋಡೆಯ ಕಡೆ ತಿರುಗಿಸಿದೆ. ಮಾನ ಹೋಗುತ್ತದೆಂಬ ಭಯ, ಬೇರೇನೂ ಅಲ್ಲ.

“ನಾನೇ ಸಾರ್,” ಎಂದ ಮೌನೇಶ. ನಾನು ಸಾಕ್ಷಿ ಎಂದು ಸಹಿ ಹಾಕಿ ಮನೆಗೆ ಬಂದೆ.

ಹನ್ನೊಂದು ದಿನ ಒಳಗಿದ್ದು ಜಾಮೀನಿನ ಮೇಲೆ ಹೊರಬಂದ. ಶೀಟು ಹಾಕಲು ಅವನನ್ನು ಯಾರೂ ಕರೆಯಲಿಲ್ಲ, ಅಂಗಡಿ ಮುಚ್ಚಿತು. ಈಗ ಸುದ್ದಗುಂಟೆಪಾಳ್ಯದಲ್ಲಿ ಯಾರದೋ ವರ್ಕ್‌ಶಾಪಿನಲ್ಲಿ ಕೂಲಿಗೆ ಗೇಟು ಉಜ್ಜುತ್ತಾನೆ. ಹೋದ ವಾರ ಹುಡುಕಿಕೊಂಡು ಹೋಗಿ, ಅವತ್ತು ನನ್ನ ಹೆಸರು ಯಾಕಪ್ಪಾ ಹೇಳಲಿಲ್ಲ ಎಂದು ಕೇಳಿದೆ. ಅವನು ಉಜ್ಜುವುದನ್ನು ನಿಲ್ಲಿಸಲಿಲ್ಲ.

“ನೀವೇ ಹೇಳ್ತೀರಾ ಅಂತ ಕಾದೆ ಮೇಷ್ಟ್ರೇ,” ಅಂದ. “ಕೇಸು ಇನ್ನೂ ಮುಗ್ದಿಲ್ವಲ್ಲ.”