ಗೇರ್‌ಬಾಕ್ಸಿನ ಉಸಿರು

ಗುಬ್ಬಿಯಲ್ಲಿ ಹುಟ್ಟಿ ತುಮಕೂರಿನ ಬಟವಾಡಿಯಲ್ಲಿ ಶೆಡ್ಡು ಹಾಕಿಕೊಂಡಿದ್ದ ಗಂಗಹನುಮಯ್ಯನಿಗೆ ಲಾರಿ ಎಂದರೆ ಗೇರ್‌ಬಾಕ್ಸು. ಎಂಜಿನ್ ಕೆಟ್ಟಿದೆ ಎಂದು ಯಾರಾದರೂ ಬಂದರೆ "ಪಕ್ಕದ ಶೆಡ್ಗೋಗಿ ಸ್ವಾಮಿ" ಎಂದು ಮುಖ ತಿರುಗಿಸುತ್ತಿದ್ದ. ಗೇರ್‌ಬಾಕ್ಸಿನ ಮಾತು ಬಂದರೆ ಮಾತ್ರ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಏಳುತ್ತಿದ್ದ. ಡ್ರೈವರ್ ಪಕ್ಕ ಕೂತು ಒಂದು ಫರ್ಲಾಂಗು ಹೋಗಿ ಬಂದರೆ ಸಾಕು, ಯಾವ ಹಲ್ಲು ಸವೆದಿದೆ, ಯಾವ ಬೇರಿಂಗು ಕೂಗುತ್ತಿದೆ ಎಂದು ಹೇಳಿಬಿಡುತ್ತಿದ್ದ. ಹೇಳಿದ್ದು ತಪ್ಪುತ್ತಿದ್ದುದೂ ಅಪರೂಪ. ಅದರಿಂದ ಸ್ವಲ್ಪ ಜಂಬವೂ ಇತ್ತು, ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ.

ಆ ಜಂಬ ಇಳಿಸಿದ್ದು ಮಹಾಲಿಂಗಯ್ಯನವರ ಎಳೆಯುವ ಲಾರಿ. ಮಿಲಿಟರಿಯವರು ಹರಾಜು ಹಾಕಿದ್ದನ್ನು ಕೊಂಡು, ಹಿಂದೆ ಕ್ರೇನ್ ಕೂರಿಸಿ, ರಸ್ತೆಯಲ್ಲಿ ಕೆಟ್ಟು ನಿಂತ ಲಾರಿಗಳನ್ನು ಎಳೆದು ತರಲು ಅವರು ಇಟ್ಟುಕೊಂಡಿದ್ದ ಗಾಡಿ ಅದು. ವರ್ಷವೆಲ್ಲ ಎತ್ತಿನ ಹಾಗೆ ದುಡಿಯುತ್ತಿತ್ತು. ದಸರಾ ಕಳೆದು ಹದಿನೈದು ದಿನವಾಗುವಷ್ಟರಲ್ಲಿ, ಭಾರಿ ಲೋಡೊಂದನ್ನು ಎಳೆಯುವಾಗ, ಗೇರ್‌ಬಾಕ್ಸಿನ ಹಿಂದಿನ ಆಯಿಲ್ ಸೀಲು ಕಿತ್ತುಕೊಂಡು ಬರುತ್ತಿತ್ತು. ಆಯಿಲೆಲ್ಲ ರಸ್ತೆಗೆ ಸುರಿದು, ಒಣಗಿದ ಹಲ್ಲುಗಳು ಸುಟ್ಟು ಕರಕಲಾಗುತ್ತಿದ್ದವು. ಎಪ್ಪತ್ತೊಂಬತ್ತರಲ್ಲಿ ಹಾಗಾಯಿತು. ಎಂಬತ್ತರಲ್ಲೂ ಆಯಿತು.

ಪ್ರತಿ ಸಲವೂ ಗಂಗಹನುಮಯ್ಯ ಗೇರ್‌ಬಾಕ್ಸನ್ನು ಪೂರಾ ಬಿಚ್ಚಿ, ಒಂದೊಂದು ತುಂಡನ್ನೂ ಸೀಮೆಎಣ್ಣೆಯಲ್ಲಿ ನೆನೆಸಿ, ತಂತಿ ಬ್ರಷ್ಷಿನಿಂದ ಉಜ್ಜಿ, ಹೊಸ ಹಲ್ಲು, ಹೊಸ ಸೀಲು ಹಾಕಿ ಕೂರಿಸುತ್ತಿದ್ದ. ಆಮೇಲೆ ಮುಂದಿನ ದಸರಾವರೆಗೆ ಒಂದು ತೊಟ್ಟು ಜಿನುಗುತ್ತಿರಲಿಲ್ಲ.

"ಇದು ದೃಷ್ಟಿ ಮೇಸ್ತ್ರಿ, ನಮ್ ಪೂಜೆ ಸಾಲ್ತಾ ಇಲ್ಲ" ಎಂದ ಡ್ರೈವರ್ ಓಬಳಯ್ಯ.

ಸರಿ, ಪೂಜೆ ಜೋರಾಯಿತು. ಆಯುಧಪೂಜೆಯ ದಿನ ಕುಂಬಳಕಾಯಿ ಒಂದಿದ್ದದ್ದು ಎರಡಾಯಿತು. ಗಂಗಹನುಮಯ್ಯನಂತೂ ಪ್ರತಿ ವರ್ಷದ ಹಾಗೆ ಸ್ನಾನ ಮಾಡಿ ಬಂದು ಲಾರಿಯ ಅಡಿ ಮಲಗಿ, ಗೇರ್‌ಬಾಕ್ಸಿಗೆ ತಳದಿಂದ ನೆತ್ತಿಯವರೆಗೆ ತಾನೇ ಸಿಲ್ವರ್ ಪೇಂಟನ್ನು ಇನ್ನೂ ದಪ್ಪಗೆ ಬಳಿದ. ಅದು ಒಣಗಿದ ಮೇಲೆ ಅರಿಶಿನ ಕುಂಕುಮ ಕಲಸಿ ನೆತ್ತಿಗೆ ಮೆತ್ತಿದ. ಬೇರೆಯವರನ್ನು ಹತ್ತಿರ ಬಿಡುತ್ತಿರಲಿಲ್ಲ.

ಎಂಬತ್ತೊಂದರಲ್ಲಿ ಮೂರನೆಯ ಸಲ ಸೀಲು ಹೋಯಿತು.

"ಇದೇ ಕೊನೆ ಕಣಯ್ಯ" ಎಂದರು ಮಹಾಲಿಂಗಯ್ಯ. "ಇನ್ನೊಂದ್ ಸಲ ಆಯಿಲ್ ಸುರೀತು ಅಂದ್ರೆ ಗಾಡಿ ಗುಜ್ರಿಗೆ. ನೀನೂ ಗೇರ್‌ಬಾಕ್ಸ್ ಮುಟ್ಟೋದು ಬುಟ್ಟು ಪಂಚರ್ ಹಾಕ್ಕಂಡಿರು."

ಊರವರ ಮುಂದೆ ಹೇಳಿದ ಮಾತು. ಗಂಗಹನುಮಯ್ಯನಿಗೆ ನಾಲ್ಕು ದಿನ ಅನ್ನ ಸೇರಲಿಲ್ಲ.

ಎಂಬತ್ತೆರಡರ ಆಯುಧಪೂಜೆ ಕಳೆದು ಒಂಬತ್ತನೆಯ ದಿನ. ಗುಬ್ಬಿಯಿಂದ ತೆಂಗಿನಕಾಯಿ ಲಾರಿಯೊಂದನ್ನು ಎಳೆದು ತಂದ ಓಬಳಯ್ಯ ಸೀದಾ ಶೆಡ್ಡಿನ ಮುಂದೆ ನಿಲ್ಲಿಸಿದ. "ಮೇಸ್ತ್ರಿ, ಜಿನುಗ್ತಾ ಐತೆ ಕಣಣ್ಣೋ!"

ಹಿಂದಿನ ಮೂರು ಸಲವೂ ಗೇರ್‌ಬಾಕ್ಸು ಬಂದದ್ದು ಹೆಣವಾಗಿ. ಈ ಸಲ ಜೀವ ಇದ್ದಾಗಲೇ ಸಿಕ್ಕಿತ್ತು. ಗಂಗಹನುಮಯ್ಯ ಅಡಿಗೆ ನುಗ್ಗಿ, ಆಯಿಲ್ ಎಷ್ಟಿದೆ ನೋಡೋಣವೆಂದು ಪಕ್ಕದ ಪ್ಲಗ್ಗು ಸಡಿಲಿಸಿದ. ಬುಸ್ಸೆಂದು ಗಾಳಿ ಹೊರಬಂತು, ಅದರ ಹಿಂದೆಯೇ ಕಾದ ಆಯಿಲು ಕೆನ್ನೆಗೆ ಚಿಮ್ಮಿತು. ಉರಿಯನ್ನು ಅವನು ಲೆಕ್ಕಕ್ಕೇ ಇಡಲಿಲ್ಲ. ಗೇರ್‌ಬಾಕ್ಸಿನೊಳಗೆ ಇಷ್ಟು ಗಾಳಿ ಕಟ್ಟಿಕೊಂಡದ್ದಾದರೂ ಹೇಗೆ?

ಕೈ ಮೇಲಕ್ಕೆ ತೂರಿಸಿ ಗೇರ್‌ಬಾಕ್ಸಿನ ನೆತ್ತಿ ತಡವಿದ. ಅಲ್ಲಿ ಹುಣಸೆಬೀಜದ ಗಾತ್ರದ ಒಂದು ಟೋಪಿ, ಅದರಡಿ ಒಂದು ಸಣ್ಣ ತೂತು ಇರುತ್ತದೆ. ಬ್ರೀದರ್ ಎನ್ನುತ್ತಾರೆ. ಭಾರ ಎಳೆದು ಆಯಿಲು ಕಾದಾಗ ಒಳಗಿನ ಗಾಳಿ ಉಬ್ಬಿ ಹೊರಗೆ ಹೋಗುವುದು ಅದರಿಂದಲೇ. ಬೆರಳಿಗೆ ಟೋಪಿ ಸಿಕ್ಕಿತು, ತೂತು ಸಿಗಲಿಲ್ಲ. ಸಿಲ್ವರ್ ಪೇಂಟು, ಅದರ ಮೇಲೆ ಅರಿಶಿನ ಕುಂಕುಮ, ಎಲ್ಲ ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು.

ಗಂಗಹನುಮಯ್ಯ ಅಲ್ಲೇ ಅಂಗಾತ ಮಲಗಿಬಿಟ್ಟ. ಬಳಿದ ಕೈ ಅವನದೇ. ಉಸಿರು ಕಟ್ಟಿದ ಗೇರ್‌ಬಾಕ್ಸು ಹೊರದಾರಿ ಕಾಣದೆ ಸೀಲನ್ನೇ ಒಡೆದುಕೊಂಡಿತ್ತು. ರಿಪೇರಿಗೆ ಬಿಚ್ಚಿದಾಗಲೆಲ್ಲ ಸೀಮೆಎಣ್ಣೆಯಲ್ಲಿ ಉಜ್ಜಿ ಅದೇ ತೂತನ್ನು ತಿಳಿಯದೆ ತೆರೆದು, ತನ್ನ ತಪ್ಪಿನ ಗುರುತನ್ನು ತಾನೇ ತೊಳೆದುಹಾಕಿದ್ದ. ಮರುವರ್ಷ ಭಕ್ತಿಯಿಂದ ಮತ್ತೆ ಮುಚ್ಚಿದ್ದ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ನಾಚಿಕೆಯ ಹಿಂದೆಯೇ ಸಂತೋಷವೂ ನುಗ್ಗಿ ಬಂತು. ಕಳ್ಳ ಸಿಕ್ಕಿದ್ದನಲ್ಲ!

ಬಾಯಿ ಮುಚ್ಚಿಕೊಂಡು ತೂತು ಕೆರೆದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನು ಹಾಗೆ ಮಾಡಲಿಲ್ಲ. ನೇರ ಮಹಾಲಿಂಗಯ್ಯನವರ ಮುಂದೆ ಹೋಗಿ ನಿಂತ. "ತಪ್ಪು ನಂದೇ ಸಾವ್ಕಾರ್ರೆ. ಪೂಜೆ ಮಾಡ್ತೀನಿ ಅಂತ ಅದರ ಮೂಗು ಮುಚ್ಬುಟ್ಟಿದ್ದೆ."

ಮಹಾಲಿಂಗಯ್ಯ ಅವನನ್ನು ಮೇಲಿನಿಂದ ಕೆಳಗೆ ನೋಡಿದರು. "ಮಾರ್ಕೋನಹಳ್ಳಿ ಹತ್ರ ಸಿಮೆಂಟ್ ಲಾರಿ ಕಾಲುವೆ ಪಕ್ಕ ಇಳ್ದು ಎಂಜಿನ್ ಹೋಗೈತೆ. ಲೋಡ್ ಇಳ್ಸಂಗಿಲ್ಲ. ಅಲ್ಲಿಂದ ಇಲ್ಲಿಗೆ ಎಳ್ಕಂಬಾ. ಆಮೇಲ್ ಮಾತು."

ತೂತು ಕೆರೆದು, ಸೀಲು ಬದಲಿಸಿ, ಮಾರನೆಯ ದಿನ ಬೆಳಗ್ಗೆ ಗಂಗಹನುಮಯ್ಯ ತಾನೂ ಹೋದ. ಕೆಸರಿನಿಂದ ಕಿತ್ತ ಸಿಮೆಂಟು ಲಾರಿಯನ್ನು ಹಿಂದೆ ಕಟ್ಟಿಕೊಂಡು ಕುಣಿಗಲ್ ದಾಟಿದಾಗ ಮಧ್ಯಾಹ್ನ. ಹೆಬ್ಬೂರಿನ ಹತ್ತಿರದ ಏರಿನಲ್ಲಿ ಗಾಡಿ ಫಸ್ಟ್ ಗೇರಿಗೆ ಬಂತು. ಹಿಂದೆ ಎರಡು ಸಲ ಸೀಲು ಹೋದದ್ದು ಅಲ್ಲಿಯೇ. ಕಾಲಡಿಯ ತಗಡು ಕಾದು ಚಪ್ಪಲಿಯೊಳಗೂ ಸುಡುತ್ತಿತ್ತು. ಓಬಳಯ್ಯ ದೇವರಾಯನದುರ್ಗದ ನರಸಿಂಹಸ್ವಾಮಿಯನ್ನು ಬಿಡದೆ ಕರೆಯುತ್ತಿದ್ದ.

"ನಿಲ್ಸಿ ನೋಡನಾ ಮೇಸ್ತ್ರಿ?"

"ನಿಲ್ಲುಸ್ಬ್ಯಾಡ, ಹೊಡಿ! ಉಸಿರಾಡ್ತಾ ಐತೆ ಅದು."

ಬಿಸಿಲು ಇಳಿಯುವ ಮೊದಲೇ ಬಟವಾಡಿ ಸೇರಿದರು. ಸುತ್ತಲಿನ ಶೆಡ್ಡಿನವರೆಲ್ಲ ಕೆಲಸ ಬಿಟ್ಟು ನೆರೆದಿದ್ದರು. ಮಹಾಲಿಂಗಯ್ಯ ಯಾರ ಮಾತನ್ನೂ ಕೇಳಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಜುಬ್ಬದಲ್ಲೇ ಲಾರಿಯ ಅಡಿ ಅಂಗಾತ ನುಗ್ಗಿ, ಅಂಗೈಯಿಂದ ಸೀಲಿನ ಸುತ್ತ ಒರೆಸಿ ನೋಡಿ ಹೊರಗೆ ಬಂದರು. ಆಯಿಲು ಅಂಟದ ಅಂಗೈಯನ್ನು ಎಲ್ಲರಿಗೂ ತೋರಿಸಿ, ಬೆನ್ನು ತಿರುಗಿಸಿ ನಿಂತರು.

"ನೋಡ್ರಯ್ಯ, ಒಂದ್ ತೊಟ್ಟು ಆಯಿಲ್ ಐತಾ?"

ಬೆನ್ನಿಗೆ ಬರೀ ಕೆಂಪು ಧೂಳು. ಗಂಗಹನುಮಯ್ಯ ಮುಂದೆ ಹೋಗಿ ಅದನ್ನು ಕೈಯಾರೆ ಒದರಿದ. ಕಣ್ಣಲ್ಲಿ ನೀರು ಬಂದಿತ್ತು. ಮರೆಮಾಡುವ ಗೋಜಿಗೆ ಹೋಗಲಿಲ್ಲ. ಯಾರೋ ಶಿಳ್ಳೆ ಹೊಡೆದರು, ಓಬಳಯ್ಯ ಹಾರನ್ ಒತ್ತಿ ಹಿಡಿದವನು ಬಿಡಲೇ ಇಲ್ಲ.

ಆ ಗೇರ್‌ಬಾಕ್ಸನ್ನು ಗಂಗಹನುಮಯ್ಯ ಮತ್ತೆ ಬಿಚ್ಚಿದ್ದು ಎಂಬತ್ತೊಂಬತ್ತರಲ್ಲಿ. ಅದೂ ಕೆಟ್ಟಿತೆಂದಲ್ಲ, ಒಳಗೆ ಹೇಗಿದೆ ನೋಡಬೇಕೆಂದು ಅವನಿಗೇ ಆಸೆಯಾಗಿ.