ನೀಲಗಂಗಮ್ಮನ ಬಲಗಾಲು

ನೀಲಗಂಗಮ್ಮ ಈ ಭೂಮಿಗೆ ಬಂದದ್ದೇ ಕಾಲು ಮುಂದ ಮಾಡಿ. ಎಲ್ಲಾ ಕೂಸುಗಳು ತಲಿ ಮುಂದ ಮಾಡಿ ಬಂದ್ರ, ಈಕಿ ಮೊದಲ ಬಲಗಾಲು ಹೊರಗ ಹಾಕಿ, ನೆಲ ಹೆಂಗದ ನೋಡಿ, ಆಮ್ಯಾಲ ಉಳಿದ ಮೈ ತಂದ್ಲು ಅಂತ ತವರಮನಿ ಮಂದಿ ನಗತಿದ್ರು. ಹಂಗ ಹುಟ್ಟಿದವರು ಟೊಂಕ ತುಳದ್ರ ಹಿಡಿದ ಚಳಕು ಬಿಡ್ತದ ಅನ್ನೂದು ನಮ್ಮ ಕಡಿ ನಂಬಿಕಿ. ಬಿಡ್ತದೋ ಇಲ್ಲೋ, ಅದು ಬ್ಯಾರೆ ಮಾತು. ಆಕಿ ಮದುವಿ ಆಗಿ ಕಮಲಾಪುರಕ್ಕ ಬಂದ ವಾರದಾಗ ಈ ಸುದ್ದಿ ಊರೆಲ್ಲ ಹಬ್ಬಿತ್ತು.

ಬಸ್ ಸ್ಟ್ಯಾಂಡಿನ ಮುಂದ ಆಕಿ ಕೆಂಪು ಬಾಳಿಹಣ್ಣು ಮಾರ್ತಿದ್ಲು. ಯಾರರೆ ಟೊಂಕ ಹಿಡಕೊಂಡು ಡೊಂಕಾಗಿ ಬಂದ್ರಂದ್ರ ಹಣ್ಣಿಗೆ ಬಂದಾರೋ ಕಾಲಿಗೆ ಬಂದಾರೋ ಅಂತ ಕೇಳೂದೇ ಬ್ಯಾಡ. ಹಿಂದ ಗೋಣಿಚೀಲ ಹಾಸಿ ಬೋರಲ ಮಲಗಸತಿದ್ಲು. ಕಲಬುರಗಿ ದೇವರು ಶರಣಬಸಪ್ಪನ ಹೆಸರು ತಗೊಂಡು ಬಲಗಾಲ ಹಿಮ್ಮಡ ಹಗುರಕ ಊರತಿದ್ಲು, ಹೂವು ಮುಟ್ಟಿದಂಗ. ಅವರು ಎದ್ದು, ಆಕಿ ಕಾಲು ಮುಟ್ಟಿ ಹಣಿಗೆ ಹಚ್ಚಿಕೊಂಡು ಹೋಗತಿದ್ರು. ರೊಕ್ಕ ಮುಟ್ಟಬಾರದು ಅನ್ನೂದು ರೂಢಿ. ಹಣ್ಣು ಮಾತ್ರ ಎಲ್ಲಾರೂ ತಗೋತಿದ್ರು.

ಕಡೀಕ ಆಕಿ ಟೊಂಕಾನೂ ಹಿಡೀತು. ಬುಟ್ಟಿ ಎತ್ತಿ ಎತ್ತಿ ಎಷ್ಟು ವರ್ಷದಿಂದ ಒಳಗ ಏನು ಸವದಿತ್ತೋ ಏನೋ. ಟೊಂಕದಿಂದ ಮೀನಖಂಡದ ತನಕ ಮೆಣಸಿನಕಾಯಿ ತಿಕ್ಕಿದಂಗ ಉರಿ. ಊರಾಗ ಕಾಲು ಮುಂದಾಗಿ ಹುಟ್ಟಿದವರು ಬ್ಯಾರೆ ಯಾರೂ ಇಲ್ಲ. ತನ್ನ ಬೆನ್ನು ತಾ ತುಳಕೊಳ್ಳಾಕ ಬರತದೇನು? ದವಾಖಾನಿಗೆ ಹೋಗೂಣು ನಡಿ ಅಂತ ಮಗಳು ಶೀಲಾ ಫೋನಿನ್ಯಾಗ ಬಡಕೊಂಡ್ಲು. ಇಷ್ಟು ಮಂದಿದು ಕಾಲಿಲೆ ಹೋಗ್ಯದ, ನಂದೊಂದು ಹೋಗಂಗಿಲ್ಲೇನು ಅಂತ ನೀಲಗಂಗಮ್ಮ ಹಟ ಹಿಡದ್ಲು.

ಗಂಡ ದೌಲಪ್ಪ ಬಸ್ ಸ್ಟ್ಯಾಂಡಿನ ಹತ್ರ ಟೇಲರ್. ಮಾತು ಅಂದ್ರ ಅವನಿಗೆ ಹೊಸಾ ಅರಿವಿ ಇದ್ದಂಗ, ಅಳತಿ ತಗೊಂಡೇ ಕತ್ತರಸತಿದ್ದ. ಹೆಂಡತಿ ನರಳೂದು ನೋಡಲಾರದ ಮಷೀನ ಮುಚ್ಚಿ, ನಾಕೂರು ತಿರಗಿ, ದೇವೀಂದ್ರಪ್ಪ ಅನ್ನಾವನ ಕರಕೊಂಡು ಬಂದ. ಇವನೂ ಕಾಲು ಮುಂದಾಗಿ ಹುಟ್ಟಿದಾವ. ಮನಷಾ ಬಂಗಾರದಂಥಾವ, ಆದ್ರ ಮೈ ಜ್ವಾಳದ ಚೀಲ. ಹಿಮ್ಮಡ ಊರೋ ಅಂದ್ರ ಉಪಕಾರ ಪೂರಾ ಆಗಲಿ ಅಂತ ಎರಡೂ ಕಾಲಿಟ್ಟು ಮ್ಯಾಲೇ ಹತ್ತಿಬಿಟ್ಟ! ಕುಂಬಾರಗ ವರುಷ, ದೊಣ್ಣಿಗೆ ನಿಮಿಷ. ಒಳಗ ಕಟ್ ಅಂತು. ಬಲಮೊಣಕಾಲಿನ ಕೆಳಗ ಕಾಲು ಅನ್ನೂದು ಇತ್ತೋ ಇಲ್ಲೋ ಅನ್ನಂಗ ಆಗಿಹೋತು.

ಕಲಬುರಗಿ ದವಾಖಾನಿಯೊಳಗ ಡಾಕ್ಟರ್ ವಿವೇಕಾನಂದ ಅವರು ಬೆನ್ನಿನ ಎಕ್ಸ್‌ರೇ ಬೆಳಕಿಗೆ ಹಿಡದು ತೋರಿಸಿದ್ರು. ಬೆನ್ನೆಲುಬಿನ ಒಂದು ಮಣಿ ಮೊದಲೇ ಮುಂದಕ ಜಾರಿತ್ತು, ಈಗ ನರ ನಡುವ ಸಿಕ್ಕೊಂಡದ ಅಂದ್ರು. ಆಪರೇಶನ್ ಮಾಡಿ ಎರಡು ಮಣಿ ಕೂಡಿಸಿ, ಸ್ಕ್ರೂ ಹಾಕಿ, ರಾಡ್ ಕೂಡಸ್ತೀವಿ. "ಉರಿ ಹೋಗ್ತದ. ಪಾದಕ್ಕ ಸ್ಪರ್ಶ ಬರತದೋ ಇಲ್ಲೋ, ನಾ ಮಾತು ಕೊಡಾಂಗಿಲ್ಲಮ್ಮ. ನರ ತಾನೇ ಎಚ್ಚರಾಗಬೇಕು." ದೌಲಪ್ಪ ಗೋಡಿ ಕಡಿ ಮಾರಿ ಮಾಡಿ ನಿಂತಿದ್ದ. ದೇವೀಂದ್ರಪ್ಪನ ಕರಕೊಂಡು ಬಂದಾವ ತಾನೇ ಅನ್ನೂದು ಅವನ ಎದಿಯೊಳಗ ಮುಳ್ಳಾಗಿ ಕುಂತಿತ್ತು.

ಆಪರೇಶನ್ ಆಗಿ ಕಣ್ಣು ತೆರದಾಗ ಬಾಯಿ ಹಿಟ್ಟು ಮುಕ್ಕಿದಂಗ ಒಣಗಿತ್ತು. ಬೆನ್ನ ಮ್ಯಾಲ ಬೀಸೂಕಲ್ಲು ಇಟ್ಟಂಥ ಭಾರ. ಮೈ ಎಲ್ಲಿ ಮುಗೀತದ, ಮಂಚ ಎಲ್ಲಿ ಸುರು ಆಗತದ ತಿಳೀಲೊಲ್ಲದು. ಆದ್ರ ಏನೋ ಒಂದು ಕಡಿಮಿ ಅದ ಅನಿಸ್ತು. ಹುಡುಕಿದ್ಲು, ಹುಡುಕಿದ್ಲು. ಉರಿ! ತಿಂಗಳಾನಗಟ್ಟಲೆ ತೊಡಿಯೊಳಗ ಮನಿ ಮಾಡಿದ್ದ ಉರಿ ಇಲ್ಲ! ಕಣ್ಣಾಗ ನೀರು ಬಂತು. ಎಲ್ಲಿ ಯಾವ ಪುಣ್ಯಾತ್ಮ ಆ ಸ್ಕ್ರೂ ಮಾಡ್ಯಾನೋ, ಅವನ ಮಕ್ಕಳು ಮರಿ ಹಾಲುಂಡು ಇರಲಿ ಅಂತ ಹರಸಿದ್ಲು.

ಮಗ್ಗಲ ಹೊಳ್ಳೂದೂ ಒಂದು ವಿದ್ಯಾ ಅಂತ ಆಕಿಗೆ ಆವಾಗ ತಿಳೀತು. ತಲಿಯಿಂದ ಪಾದದ ತನಕ ಕಟಗಿ ದಿಂಡಿನಂಗ ಒಮ್ಮಿಗೇ ಉರುಳಬೇಕು. ಪ್ರೀತಿ ಅಂತ ನರ್ಸ್ ಹುಡುಗಿ ಭುಜಕ್ಕ ಒಂದು ಕೈ, ಟೊಂಕಕ್ಕ ಒಂದು ಕೈ ಕೊಟ್ಟು ಉರುಳಿಸೂದ್ರಾಗ ಬೆನ್ನಾಗ ಬಿಗದ ಹಗ್ಗ ಇನ್ನೊಂದು ಸುತ್ತು ಬಿಗದಂಗ ಆಗತಿತ್ತು. ಕೆಮ್ಮು ಬಂದ್ರ ಜೀವ ಕೈಯಾಗ. ಸೀನು ಬಂದ್ರಂತೂ ಶಿವಾ ಶಿವಾ! ಗಾಯದ ಪಟ್ಟಿ ಬಿಚ್ಚಿದ ದಿನ ದೌಲಪ್ಪ ಬಗ್ಗಿ ನೋಡಿ ಹೌಹಾರಿದ. "ಹೊಲಿಗೀನೇ ಹಾಕಿಲ್ಲಲ್ಲ, ಕಾಗದಕ್ಕ ಹೊಡದಂಗ ಪಿನ್ನು ಹೊಡದಾರ! ನನಗ ಒಂದು ಮಾತು ಹೇಳಿದ್ರ ಬರತಿದ್ದಿಲ್ಲೇನು?" ಪ್ರೀತಿಗೆ ನಗು ತಡೀಲಿಲ್ಲ. ನೀಲಗಂಗಮ್ಮಗೂ ನಗು ಬಂತು, ನಕ್ಕರ ನೂವು ಬಂತು, "ನಗಸಬ್ಯಾಡ್ರಿ, ಸಾಯ್ತೀನಿ" ಅಂತ ಮತ್ತ ನಕ್ಕಳು.

ಸೊಂಟಕ್ಕ ಬೆಲ್ಟ್ ಬಿಗದು ನಿಂದ್ರಿಸಿದಾಗ ಜಗತ್ತು ಒಂದು ಸುತ್ತು ತಿರಗಿ ತನ್ನ ಜಾಗಕ್ಕ ಬಂದು ನಿಂತಿತು. ಒಳಗ ಯಾರೋ ಹೊಸಾ ಕಂಬ ನೆಟ್ಟಾರ ಅನಿಸ್ತು. "ಏನ್ರೀ, ನಾ ಎತ್ತರ ಆದಂಗ ಕಾಣತೀನೇನು?" ಅಂತ ಗಂಡನ್ನ ಕೇಳಿದ್ಲು. ಟೇಲರನ ಕಣ್ಣು ಆಕಿನ್ನ ಮ್ಯಾಲಿಂದ ಕೆಳಗ ಅಳೀತು. "ಒಂದು ಬೆರಳು ಆಗೀದಿ." ಆದ್ರ ಬಲಗಾಲು ಎಲ್ಲಿ ಊರೇದ ಅನ್ನೂದು ಕಣ್ಣಿಲೆ ನೋಡೇ ತಿಳಕೋಬೇಕು. ಚಪ್ಪಲಿ ಹಿಂದ ಉಳದ್ರೂ ಗೊತ್ತಾಗತಿದ್ದಿಲ್ಲ.

ದವಾಖಾನಿಯವರು ಮನಿಗೆ ಬಿಟ್ಟ ಮ್ಯಾಲ ಕಮಲಾಪುರ ದೂರ ಅಂತ ಕಲಬುರಗಿಯೊಳಗೇ ಮಗಳ ಮನ್ಯಾಗ ಉಳದ್ರು. ಶೀಲಾ ಶರಣಬಸಪ್ಪನ ಗುಡಿ ಹತ್ರ ಬಾಡಿಗಿ ಮನ್ಯಾಗಿದ್ಲು, ಅಲ್ಲೇ ಒಂದು ಸಾಲಿಯೊಳಗ ಟೀಚರ್. ಹೊತ್ತಾರೆ ಅವ್ವನ ಸ್ನಾನ ಮುಗಿಸಿ ಸಾಲಿಗೆ ಹೋದ್ಲಂದ್ರ ಸಂಜಿಗೇ ಬರೂದು. ಬಗ್ಗಬ್ಯಾಡ ಅಂತ ಡಾಕ್ಟರ್ ಕಡ್ಡಿ ಮುರದಂಗ ಹೇಳಿದ್ರು. ಸ್ಪರ್ಶ ಇಲ್ಲದ ಕಾಲು, ದಿನಾ ಎರಡು ಹೊತ್ತು ಬೆಚ್ಚನ ನೀರಿಲೆ ತೊಳದು ಒರಸರಿ, ಗಾಯ ಆದ್ರೂ ಆಕಿಗೆ ತಿಳಿಯಂಗಿಲ್ಲ ಅಂದಿದ್ರು. ಮನ್ಯಾಗ ಉಳದಾವ ದೌಲಪ್ಪ.

ಮೊದಲ ದಿನ ಅವ ಬಕೀಟ, ತಂಬಿಗಿ ತಂದು ಕುರ್ಚಿ ಮುಂದ ಕುಂತಾಗ ನೀಲಗಂಗಮ್ಮ ಕಾಲು ಹಿಂದಕ ತಗೊಂಡ್ಲು. ತಗೊಂಡದ್ದು ಎಡಗಾಲಷ್ಟೇ. ಬಲಗಾಲು ಕಟಗಿಯಂಗ ಅಲ್ಲೇ ಬಿದ್ದಿತ್ತು.

"ಅಯ್ಯಯ್ಯ, ಏನ್ ಮಾಡಾಕತ್ತೀರಿ? ಗಂಡಸರು ಹೆಂಡತಿ ಕಾಲು ಹಿಡೀತಾರೇನು? ನನಗ ಪಾಪ ಹತ್ತತದ."

"ಊರ ಮಂದಿಯೆಲ್ಲ ಹಿಡದಾರ. ನಾ ಹಿಡದ್ರ ಪಾಪ?"

"ಅವರು ಬ್ಯಾರೆ, ನೀವು ಬ್ಯಾರೆ."

ದೌಲಪ್ಪ ಎದ್ದು ಬಾಗಲಾ ಮುಂದ ಮಾಡಿ ಬಂದ. "ಈಗ ನೋಡವರು ಯಾರಿಲ್ಲ. ನಿನ್ನ ಕಾಲಿಗೆ ಗೊತ್ತೇ ಆಗಂಗಿಲ್ಲ. ಪಾಪ ಎಲ್ಲಿಂದ ಹತ್ತತದ?"

ಈ ಲೆಕ್ಕ ಆಕಿಗೆ ಖರೇ ಅನಿಸ್ತು. ಆದ್ರೂ ಒಂದು ಕರಾರು ಹಾಕಿದ್ಲು. "ಹಂಗಾದ್ರ ಯಾವತ್ತು ನಿಮ್ಮ ಕೈ ನನ್ನ ಕಾಲಿಗೆ ತಿಳೀತದೋ, ಅವತ್ತೇ ಬಿಟ್ಟುಬಿಡಬೇಕು. ಶರಣಬಸಪ್ಪನ ಆಣಿ."

"ಹೂಂ," ಅಂದ ದೌಲಪ್ಪ.

ಅಂದಿನಿಂದ ಎರಡು ಹೊತ್ತೂ ಅದೇ ಕೆಲಸ. ಪಾದ, ಹಿಮ್ಮಡ, ಬೆರಳ ಸಂದಿ, ಎಲ್ಲಾ ನಿಧಾನಕ ತೊಳದು, ಮೆತ್ತನ ಅರಿವಿಲೆ ಒರಸತಿದ್ದ. ಆಕಿ ಕಣ್ಣಿಗೆ ಎಲ್ಲಾ ಕಾಣತಿತ್ತು, ಕಾಲಿಗೆ ಏನೂ ಗೊತ್ತಾಗತಿದ್ದಿಲ್ಲ. ಯಾರದೋ ಕಾಲು ಯಾರೋ ತೊಳಿಯೂದು ನೋಡಿದಂಗ. ಇಷ್ಟು ವರ್ಷದ ಸಂಸಾರದಾಗ ಈ ಮನಷಾ ಮಂದಿ ಮುಂದ ಆಕಿ ಕೈ ಹಿಡದಾವಲ್ಲ, ಮಂದಿ ಇಲ್ಲದಾಗೂ ಅಷ್ಟಕ್ಕಷ್ಟೇ. ಈಗ ನೋಡ್ರಿ, ದಿನಾ ಕಾಲು ಹಿಡದು ಕುಂತಾನ. ಹಲ್ಲಿದ್ದಾಗ ಕಡಲಿ ಇಲ್ಲ, ಕಡಲಿ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ಹಂಗಾತು ಆಕಿ ಗತಿ. ತೊಳದು ಮುಗಿಸಿ ದಿನಾ ಕೇಳತಿದ್ದ, "ಏನರೆ ತಿಳೀತೇನು?" ಆಕಿ "ಇಲ್ರೀ" ಅನ್ನತಿದ್ಲು. ಅವ ಬಕೀಟ ಎತ್ತಿಕೊಂಡು ಹೋಗತಿದ್ದ.

ಆಮ್ಯಾಲ ಮೈಯಾಗ ಏನೇನೋ ಸುರು ಆತು. ಗಾಯ ಕಡೀತಿತ್ತು, ಕೆರಕೊಳ್ಳಂಗಿಲ್ಲ. ಬೆಳಗಿನ ಥಂಡಿಗೆ ಬೆನ್ನೊಳಗಿನ ಕಬ್ಬಿಣ ತಣ್ಣಗ ಕುಂತದ್ದು ತಿಳೀತಿತ್ತು. ಬಲಮೀನಖಂಡದಾಗ ಇರಿವಿ ಸಾಲು ಹರದಾಡಿದಂಗ ಜುಂ ಜುಂ. ಒಮ್ಮೊಮ್ಮಿ ಟೊಂಕದಿಂದ ಹೆಬ್ಬೆರಳ ತನಕ ಕರೆಂಟ್ ಹೊಡದಂಗ ಝಕ್ ಅಂತಿತ್ತು. ಇರಿವಿಗಳು ದಿನಾ ಒಂದಿಷ್ಟು ಕೆಳಗ ಇಳದ್ವು, ಪಾದದ ಕೀಲಿಗೆ ಬಂದ್ವು. ಆಕಿ ಕೈ ಮುಗದು ಕುಂತಿರತಿದ್ಲು, ಬರ್ರವ್ವಾ, ಇನ್ನಷ್ಟು ಕೆಳಗ ಬರ್ರಿ ಅಂತ.

ಒಂದು ಮುಂಜಾನಿ ದೌಲಪ್ಪ ನೀರು ಹಾಕಿದ. ಬೆಚ್ಚಗ!

ಪಾದದ ಮ್ಯಾಲ ಬೆಚ್ಚಗ ಏನೋ ಹರೀತು. ಅದರ ಹಿಂದ ಕೈ ಬಂತು. ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳ ತುದಿ, ಒರಟ ಅಂಗೈ. ಹೆಬ್ಬೆರಳಿನ ಬುಡಕ ಬಂದು, ಗಾಜು ಮುಟ್ಟಿದಂಗ ಮುಟ್ಟಿ, ಸಂದಿಯೊಳಗ ನೀರು ಬಿಟ್ಟಿತು. ಇಷ್ಟು ಹಗುರಕ ಮುಟ್ಟತಾನೇನು ಈ ಮನಷಾ? ಇಷ್ಟು ದಿನಾ ಹಿಂಗೇ ಮುಟ್ಟತಿದ್ದನೇನು, ನನಗ ಗೊತ್ತಿಲ್ಲದಂಗ? ಶರಣಬಸಪ್ಪಾ, ಎಂಥಾ ಚಲೋ ದಿನಾ ಕೊಟ್ಟ್ಯೋ ನನ್ನಪ್ಪಾ ಅಂತ ಮನಸು ಒದರಾಕತ್ತಿತು.

"ಏನರೆ ತಿಳೀತೇನು?"

ಹೇಳಿದ್ರ ನಾಳಿಂದ ಬಂದ್. ಆಣಿ ಹಾಕಿದಾಕಿ ತಾನೇ.

"ಇಲ್ರೀ," ಅಂದ್ಲು.

ನಾಳಿ ಹೇಳಿದ್ರಾತು ಅಂತ ಆವತ್ತು ಬಿಟ್ಟಳು. ಮರುದಿನ ಮತ್ತ ನಾಳಿ. ಎರಡು ವಾರ ಹಂಗೇ ಹೋತು. ದಿನಾ ಆ ಕೈ ಬರೂದು ಕಾಯತಿದ್ಲು, ಬಂತಂದ್ರ ಕಣ್ಣು ಮುಚ್ಚತಿದ್ಲು. ದೌಲಪ್ಪನ ಮಾರಿ ದಿನದಿನಕ್ಕ ಇಳೀತಿದ್ದದ್ದು ಕಾಣಲಿಲ್ಲಂತಲ್ಲ. ನಾಳಿ ಖರೇನೇ ಹೇಳತೀನಿ ಅನಕೋತಿದ್ಲು. ಅವ ಬರಿಗಾಲಿಲೆ ಓಡಾಡೂದೂ ಕಂಡಿತ್ತು. ಚಪ್ಪಲಿ ಎಲ್ರೀ ಅಂದ್ರ "ಉಂಗುಟ ಹರದದ" ಅಂದಿದ್ದ. ಒಂದು ಉಂಗುಟ ಹೊಲಿಸೂದಕ್ಕ ಎಷ್ಟು ದಿನಾ ಮಾರಾಯಾ ಅಂತ ಬೈದಿದ್ಲು.

ಡಾಕ್ಟರಿಗೆ ತೋರಸೂ ದಿನ ಬಂತು. ಮೋಮಿನಪುರದ ಆಟೋ ಹುಡುಗ ಆಮಿರ್ ಬಾಗಲಿಗೇ ಆಟೋ ತಂದ. "ಫಿಕರ್ ಮಾಡಬ್ಯಾಡ್ರಿ ಅಮ್ಮಾ, ಹೂವಿನಂಗ ಒಯ್ತೀನಿ" ಅಂದು, ಒಂದೊಂದು ರೋಡಿನ ಉಬ್ಬಿಗೂ ಇಳದು ನೋಡಾವನಂಗ ನಿಧಾನ ನಡಿಸಿದ. ಉಬ್ಬಿಗೊಮ್ಮೆ ಬೆನ್ನೊಳಗಿನ ಕಂಬ ಗಿಮ್ ಅಂತಿತ್ತು. ಅವನಿಗೂ ನೂರು ವರ್ಷ ಆಯುಷ್ಯ ಬೇಡಿದ್ಲು. ದವಾಖಾನಿ ಮುಂದ ಇಳದಾಗ ಬಿಸಿಲು ಅಂದ್ರ ಕಲಬುರಗಿ ಬಿಸಿಲು, ಡಾಂಬರ ಮೆತ್ತಗಾಗಿತ್ತು. ದೌಲಪ್ಪ ಹಿಮ್ಮಡ ಎತ್ತಿ ಎತ್ತಿ ಇಡಕೋತ ಆಕಿನ್ನ ಒಳಗ ಕರಕೊಂಡು ಹೋದ.

ಡಾಕ್ಟರ್ ಮಲಗಿಸಿ, "ಕಣ್ಣು ಮುಚ್ಚರಿ" ಅಂದು ಪಾದಕ್ಕ ಪಿನ್ನು ಚುಚ್ಚಿದ್ರು.

"ಯವ್ವಾ!" ಅಂತ ಒದರಿದ್ಲು.

ಅಷ್ಟೇ. ದೌಲಪ್ಪ ಎರಡೂ ಕೈ ಎತ್ತಿ ಗೋಡಿಗೇ ಮುಗದ. "ಶರಣಬಸಪ್ಪಾ, ನನ್ನ ಮಾನ ಉಳಿಸಿದಿ!" ಅವ ಅಷ್ಟು ದೊಡ್ಡ ದನಿಲೆ ಮಾತಾಡಿದ್ದು ಆಕಿ ಕೇಳಿದ್ದೇ ಇಲ್ಲ. ಏನಾತು ಅಂತ ಡಾಕ್ಟರ್ ಕೇಳಿದ್ರು. "ಹರಕಿ ರೀ ಸಾಹೇಬ್ರ. ನಾನೇ ಅವನ್ನ ಕರಕೊಂಡು ಬಂದು ತುಳಿಸಿ ಆಕಿ ಕಾಲು ಕಳದೆ. ಆಕಿ ಕಾಲಿಗೆ ನೆಲ ತಿಳಿಯೂ ತನಕ ನನ್ನ ಕಾಲಿಗೆ ಚಪ್ಪಲಿ ಬ್ಯಾಡ ಅಂತ ಗುಡಿ ಮುಂದ ಬಿಟ್ಟು ಬಂದಿದ್ದೆ."

ಡಾಕ್ಟರ್ ಆಕಿ ಕಡಿ ಹೊಳ್ಳಿ ನಕ್ಕರು. "ಭಾಳ ಸಂತೋಷ ಅಮ್ಮಾ. ಯಾವಾಗಿಂದ ತಿಳಿಯಾಕತ್ತದ?"

ನೀಲಗಂಗಮ್ಮ ಗಂಡನ ಪಾದ ನೋಡಿದ್ಲು. ಹಿಮ್ಮಡ ಸೀಳಿತ್ತು. ಹೆಬ್ಬೆರಳ ಕೆಳಗ ಬೊಕ್ಕಿ ಎದ್ದು ಒಡದು ಕರ್ರಗಾಗಿತ್ತು. ಇವತ್ತ ಮುಂಜಾನಿಂದ ಅಂದುಬಿಟ್ರ ಮುಗದಹೋಗತಿತ್ತು. ಸುಳ್ಳಿಗೆ ನಾಲಿಗಿ ಹೊಳ್ಳಲಿಲ್ಲ.

"ಎರಡು ವಾರ ಆತ್ರೀ," ಅಂದ್ಲು.

ದೌಲಪ್ಪ ಕೈ ಕೆಳಗ ಇಳಿಸಿದ. ಹೊಳ್ಳಿ ಬರೂವಾಗ ಗುಡಿ ಮುಂದ ಆಮಿರನ್ನ ನಿಲ್ಲಿಸಿ, ಒಳಗ ಹೋಗಿ ಕಾಯಿ ಒಡಿಸಿಕೊಂಡು ಬಂದ. ಬಿಟ್ಟ ಚಪ್ಪಲಿ ಸಿಗಲಿಲ್ಲಂತ ಕಾಣತದ, ಬರಿಗಾಲಿಲೇ ಬಂದ. ಆಕಿ ಅಳಕೋತ ಕುಂತ್ಲು. ನಾ ಎಂಥಾ ಪಾಪಿ, ನನ್ನ ಸುಖಕ್ಕ ಈ ಮನಷಾನ್ನ ಬಿಸಿಲಾಗ ಸುಟ್ಟೆ ಅಂತ ಎದಿ ಬಡಕೊಳ್ಳಬೇಕು ಅನಿಸ್ತು. ಬೆಲ್ಟ್ ಬಿಗದಿತ್ತು, ಬಿಕ್ಕಾಕೂ ಸರಿಯಾಗಿ ಬರಲಿಲ್ಲ.

ಸಂಜಿಗೆ ಆಕಿ ಕುರ್ಚಿ ಮ್ಯಾಲ ಕುಂತಿದ್ಲು. ಶೀಲಾ ಇನ್ನೂ ಬಂದಿದ್ದಿಲ್ಲ. ಇವತ್ತಿಗೆ ಮುಗೀತು ಅಂತ ಗಟ್ಟಿ ಮಾಡಕೊಂಡಿದ್ಲು. ಬಾಗಲಾ ಮುಂದ ಮಾಡಿದ ಸಪ್ಪಳ ಆತು. ದೌಲಪ್ಪ ಬಕೀಟ ತಂದು ಇಟ್ಟು, ಫರಸಿ ಮ್ಯಾಲ ಎಂದಿನಂಗ ಕುಂತ.

"ಬ್ಯಾಡ್ರಿ. ಆಣಿ ಹಾಕೀನಿ. ತಪ್ಪಾತು ನಂದು, ಸುಳ್ಳ ಹೇಳಿದೆ. ನಿಮ್ಮ ಕೈ ಇನ್ನಷ್ಟು ದಿನಾ ಇರಲಿ ಅನಿಸಿತ್ತು, ಅದಕ್ಕ ಹೇಳಿದೆ. ಈಗ ಬಿಡ್ರಿ. ಎಲ್ಲಾ ಗೊತ್ತಾಗತದ ಈಗ."

ದೌಲಪ್ಪ ಆಕಿ ಬಲಗಾಲು ಎತ್ತಿ ತನ್ನ ತೊಡಿ ಮ್ಯಾಲ ಇಟಗೊಂಡ.

"ಗೊತ್ತಾಗಲಿ ಅಂತೇ ಅಲ್ಲೇನು," ಅಂದ, "ಇಷ್ಟು ದಿನಾ ತೊಳದದ್ದು."

ನೀರು ಹಾಕಿದ. ನೀಲಗಂಗಮ್ಮಗ ಕಣ್ಣೀರಿಗೆ ಏನೂ ಕಾಣದಂಗ ಆತು. "ಬಿಸಿ ಭಾಳ ಆಗ್ಯದ್ರೀ" ಅಂದ್ಲು.

"ತಡಿ, ತಣ್ಣೀರು ಬೆರಸ್ತೀನಿ," ಅಂತ ಅವ ತಂಬಿಗಿ ಹಿಡಕೊಂಡು ಎದ್ದ.