ಪರವಾಗಿಲ್ಲ ಎಂಬ ಮಾತು

ನನ್ನ ಬಾಯಲ್ಲಿ ತಪ್ಪು ಹುಡುಕುವ ಮಾತು ಬಿಟ್ಟು ಬೇರೇನೂ ಬರುವುದಿಲ್ಲವೆಂದು ಭದ್ರಾವತಿಯಲ್ಲಿರುವ ನನ್ನ ಮಗಳು ಮಾತು ಬಿಟ್ಟು ಎಂಟು ತಿಂಗಳಾಗಿತ್ತು. ಆನ್‌ಲೈನ್ ಆಪ್ತಸಮಾಲೋಚನೆಗೆ ಒಪ್ಪಿದಳು. ಇದೂ ವಿಫಲವಾದರೆ ಮತ್ತೆ ಕರೆಯಕೂಡದೆಂದಳು. ವಿದ್ಯಾನಗರದ ಮನೆಯಲ್ಲಿ ನಾನು ಹತ್ತು ನಿಮಿಷ ಮೊದಲೇ ಪರದೆಯೆದುರು ಕುಳಿತೆ.

“ಸರ್, ಮಗಳ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿ,” ಎಂದರು ಸಮಾಲೋಚಕಿ.

ಮುಖ್ಯೋಪಾಧ್ಯಾಯನಾಗಿದ್ದವನು ನಾನು; ಅಳೆದು ಹೇಳಿದೆ: “ಪರವಾಗಿಲ್ಲ.”

“ಅಷ್ಟೇನಾ ಸರ್?”

ಮಗಳು ತಲೆ ತಗ್ಗಿಸಿದಳು. ಕರೆ ಕತ್ತರಿಸುತ್ತಾಳೆಂದುಕೊಂಡೆ.

ಅವಳು ಕಣ್ಣೊರೆಸಿಕೊಂಡಳು. “ನಿಮಗೆ ಗೊತ್ತಾಗಲ್ಲ ಮೇಡಂ. ನಾನು ಶಾಲೆಗೇ ಫಸ್ಟ್ ಬಂದಾಗ್ಲೂ ಇವರು ‘ಸಾಲದು’ ಅಂದಿದ್ರು. ಅಪ್ಪಾ, ಭಾನುವಾರ ಹತ್ತಕ್ಕೆ ಬರ್ತೀನಿ.”

ಬಂದದ್ದು ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ. ಆಗಲೂ “ಪರವಾಗಿಲ್ಲ” ಎಂದೆ. ಅದನ್ನು ಹೊಗಳಿಕೆಯೆಂದು ಎಣಿಸತಕ್ಕದ್ದಲ್ಲ.